ಕಾರ್ಖಾನೆ ಒಂದೇ, ಬೆಲೆ ಎರಡು ಏಕೆ?

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದೊಂದು ಯಂತ್ರ ಬಿಡಿಭಾಗಗಳ ಕಾರ್ಖಾನೆಯಿದೆ. ಸಾಲವಿಲ್ಲ. ದೊಡ್ಡ ಕಂಪನಿಯೊಂದು ಅದನ್ನು ಕೊಳ್ಳಲು ಮುಂದೆ ಬಂದಿದೆ. ಒಂದೇ ಲೆಕ್ಕಪತ್ರ ನೋಡಿದ ಇಬ್ಬರು ಮೌಲ್ಯಮಾಪಕರಲ್ಲಿ ಒಬ್ಬರು 21.7 ಕೋಟಿ ರೂಪಾಯಿ ಎನ್ನುತ್ತಾರೆ, ಇನ್ನೊಬ್ಬರು 29.4 ಕೋಟಿ. ಯಾವುದು ಸರಿ?

ಉತ್ತರ: ಮುಂದಿನ ವರ್ಷ ಕೈಯಲ್ಲಿ ಉಳಿಯುವ ನಗದು 2 ಕೋಟಿ, ವರ್ಷಕ್ಕೆ ಶೇ 5ರ ಬೆಳವಣಿಗೆ ಎಂದು ಇಬ್ಬರೂ ಹಿಡಿದಿದ್ದಾರೆ; ವ್ಯತ್ಯಾಸವಿರುವುದು ಆ ನಗದನ್ನು ಇಂದಿನ ಬೆಲೆಗೆ ಇಳಿಸುವ ದರದಲ್ಲಿ. ಇದಕ್ಕೆ ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ 1964ರಲ್ಲಿ ಮಂಡಿಸಿದ ಸಿಎಪಿಎಂ (ಅಪಾಯಕ್ಕೆ ತಕ್ಕ ಪ್ರತಿಫಲದ ದರ ಹೇಳುವ) ಮಾದರಿಯನ್ನೇ ಇಂದಿಗೂ ಹೆಚ್ಚಾಗಿ ಬಳಸುತ್ತಾರೆ. ಅದರಲ್ಲಿ, ಸರ್ಕಾರಿ ಸಾಲಪತ್ರದ ಬಡ್ಡಿಗಿಂತ ಷೇರುಪೇಟೆಯಿಂದ ನಿರೀಕ್ಷಿಸುವ ಹೆಚ್ಚುವರಿ ಪ್ರತಿಫಲವನ್ನು ಬೀಟಾದಿಂದ ಗುಣಿಸಿ ಆ ಬಡ್ಡಿಗೆ ಕೂಡಿಸಲಾಗುತ್ತದೆ. ಪೇಟೆ ಏರಿಳಿದಾಗ ಉದ್ಯಮದ ಷೇರು ಎಷ್ಟು ಏರಿಳಿಯುತ್ತದೆ ಎಂಬುದರ ಅಳತೆಯೇ ಬೀಟಾ.

ಬಡ್ಡಿ ಶೇ 7, ಹೆಚ್ಚುವರಿ ಪ್ರತಿಫಲ ಶೇ 6 ಎನ್ನೋಣ. ನಿಮ್ಮಂಥ ಉದ್ಯಮದ ಬೀಟಾ 1.2 ಆದರೆ ದರ ಶೇ 14.2; ಅದರಲ್ಲಿ ಬೆಳವಣಿಗೆಯ 5 ಕಳೆದು, ಉಳಿದ ಶೇ 9.2ರಿಂದ 2 ಕೋಟಿಯನ್ನು ಭಾಗಿಸಿದರೆ 21.7 ಕೋಟಿ. ಕೊಳ್ಳುವ ಕಂಪನಿಯ ಬೀಟಾ 0.8 ಹಾಕಿದರೆ ದರ ಶೇ 11.8ಕ್ಕೆ ಇಳಿದು, ಬೆಲೆ 29.4 ಕೋಟಿಗೆ ಏರುತ್ತದೆ. ಕಾರ್ಖಾನೆಯಲ್ಲಿ ಒಂದು ಬೋಲ್ಟೂ ಹೆಚ್ಚಿಗೆ ತಯಾರಾಗಿಲ್ಲ!

ಮಾರುವವರಿಗೆ ಹಿಡಿಸದಿದ್ದರೂ ಹೇಳಲೇಬೇಕು, ಎರಡನೆಯ ಲೆಕ್ಕ ತಪ್ಪು. ಹಣ ಯಾರದೇ ಇರಲಿ, ಅದು ತೊಡಗುವ ಉದ್ಯಮದ ಅಪಾಯವೇ ದರವನ್ನು ನಿರ್ಧರಿಸಬೇಕು. ನಿಮ್ಮ ಷೇರು ಪೇಟೆಯಲ್ಲಿಲ್ಲದ ಕಾರಣ, ಷೇರುಪೇಟೆಯಲ್ಲಿರುವ ಇದೇ ಬಗೆಯ ಕಂಪನಿಗಳ ಬೀಟಾವನ್ನು, ನಿಮಗೆ ಸಾಲವಿಲ್ಲದ್ದರಿಂದ ಅವುಗಳ ಸಾಲದ ಪ್ರಭಾವ ತೆಗೆದು, ಬಳಸಬೇಕಾಗುತ್ತದೆ.

ಹಾಗೆಂದು 21.7 ಕೋಟಿಗೇ ಒಪ್ಪಬೇಕೆಂದಿಲ್ಲ. ಬ್ಯಾಡಗಿಯ ಪೇಟೆಯಲ್ಲಿ ಒಂದೇ ಮೆಣಸಿನಕಾಯಿ ರಾಶಿಗೆ, ಬಣ್ಣ ತೆಗೆಯುವ ಘಟಕದವನು ಪುಡಿ ಮಾಡುವವನಿಗಿಂತ ಹೆಚ್ಚು ಬೆಲೆ ಬರೆಯಬಹುದು, ಏಕೆಂದರೆ ಆ ಬಣ್ಣದಿಂದ ಅವನಿಗೆ ಬೇರೆ ಲಾಭವಿದೆ. ಪೈಪೋಟಿಯ ಪಾಲೂ ಸಣ್ಣದಲ್ಲ: ಟಾಟಾ ಸ್ಟೀಲ್ 2006ರ ಅಕ್ಟೋಬರಿನಲ್ಲಿ ಯುರೋಪಿನ ಉಕ್ಕು ಕಂಪನಿ ಕೋರಸ್ ಕೊಳ್ಳಲು ಷೇರಿಗೆ 455 ಪೆನ್ಸ್ ಎಂದಿತ್ತು, ಬ್ರೆಜಿಲಿನ ಉಕ್ಕು ಕಂಪನಿ ಸಿಎಸ್‌ಎನ್ ಎದುರು ನಿಂತ ಮೇಲೆ, 2007ರ ಜನವರಿ ಕೊನೆಗೆ ಅದು 608 ಪೆನ್ಸ್ ಆಯಿತು.

ಆದ್ದರಿಂದ ಬೀಟಾ ಹಿಡಿದು ಜಗ್ಗಾಡುವ ಬದಲು, ನಿಮ್ಮ ಗಿರಾಕಿಗಳಿಂದ, ಪಳಗಿದ ಕೆಲಸಗಾರರಿಂದ ಕೊಳ್ಳುವ ಕಂಪನಿಗಾಗುವ ಉಳಿತಾಯವನ್ನು ಬೇರೆಯಾಗಿ ಲೆಕ್ಕ ಹಾಕಿಸಿ. ತೆರಿಗೆ ಕಳೆದು ಅದು ವರ್ಷಕ್ಕೆ 50 ಲಕ್ಷವಾಗಿ, ಬೆಳೆಯದೆ ಹಾಗೆಯೇ ಉಳಿಯುತ್ತದೆ ಎಂದಾದರೆ, ಶೇ 14.2ರ ದರದಲ್ಲಿ ಅದರ ಇಂದಿನ ಬೆಲೆ ಸುಮಾರು 3.5 ಕೋಟಿ. ನಿಮ್ಮ ಚೌಕಾಶಿಯೆಲ್ಲ 21.7ರಿಂದ 25.2 ಕೋಟಿಯೊಳಗೆ ನಡೆಯತಕ್ಕದ್ದು.