ಪದ ಪರಿಚಯ: ನೇಟಿವ್ ರೆಸಲ್ಯೂಷನ್

ಎಲ್‌ಸಿಡಿ ಮಾನಿಟರಿನ ಗಾಜಿನ ಹಿಂದೆ ಎಣಿಸಿಟ್ಟ ಚುಕ್ಕಿಗಳಿರುತ್ತವೆ, ಅವೇ ಪಿಕ್ಸೆಲ್. ಫುಲ್ ಎಚ್‌ಡಿ ಪರದೆಯಾದರೆ ಅಡ್ಡಲಾಗಿ 1920, ಮೇಲಿಂದ ಕೆಳಕ್ಕೆ 1080, ಒಟ್ಟು 20,73,600. ಕಾರ್ಖಾನೆಯಲ್ಲಿ ಕೂರಿಸಿದ ಮೇಲೆ ಯಾವ ಸೆಟ್ಟಿಂಗೂ ಅದನ್ನು ಹೆಚ್ಚಿಸಲಾರದು, ತಗ್ಗಿಸಲಾರದು. ಈ ಎಣಿಕೆಯೇ ಆ ಪರದೆಯ ನೇಟಿವ್ ರೆಸಲ್ಯೂಷನ್. ಇದಕ್ಕೊಂದು ಕನ್ನಡ ಪದ ಕಟ್ಟಬಹುದು. ಆದರೆ ಮಾನಿಟರಿನ ಪೆಟ್ಟಿಗೆಯ ಮೇಲೂ ರಿಪೇರಿ ಅಂಗಡಿಯ ಮಾತಿನಲ್ಲೂ ಇರುವುದು ಇದೇ, ಹಾಗಾಗಿ ಇದನ್ನೇ ಇಟ್ಟುಕೊಳ್ಳೋಣ.

ಕಂಪ್ಯೂಟರು ಕಳಿಸುವ ಚಿತ್ರದಲ್ಲೂ ಅಷ್ಟೇ ಚುಕ್ಕಿಗಳಿದ್ದರೆ ಒಂದಕ್ಕೊಂದು ಸರಿಯಾಗಿ ಕೂರುತ್ತವೆ, ಅಕ್ಷರದ ಅಂಚು ಕೊರೆದಂತೆ ಕಾಣುತ್ತದೆ. ಲೆಕ್ಕ ತಪ್ಪಿತೋ, ಚಿತ್ರವನ್ನು ಯಾರಾದರೂ ಎಳೆಯಲೇಬೇಕು ಇಲ್ಲವೇ ಕುಗ್ಗಿಸಲೇಬೇಕು. ‘ಮಾನಿಟರ್ ಹಾಳಾಗಿದೆ’, ‘ಕನ್ನಡಕದ ನಂಬರ್ ಬದಲಾಗಿರಬೇಕು’ ಎಂದು ಮನೆಗಳಲ್ಲಿ ಕೇಳಿಬರುವ ದೂರಿನಲ್ಲಿ ಬಹುಪಾಲು ಈ ಲೆಕ್ಕದ ತಪ್ಪೇ.

ಹಳೆಯ ಡಬ್ಬದಂಥ ಸಿಆರ್‌ಟಿ ಮಾನಿಟರಿಗೆ ಈ ಕಟ್ಟುಪಾಡು ಇರಲಿಲ್ಲ. ಅಲ್ಲಿ ಎಲೆಕ್ಟ್ರಾನ್ ಕಿರಣ ಗೆರೆಗೆರೆಯಾಗಿ ಚಿತ್ರ ಬಳಿಯುತ್ತಿತ್ತು. 800×600 ಆಗಲಿ 1024×768 ಆಗಲಿ ಹೆಚ್ಚುಕಡಿಮೆ ಒಂದೇ ನಯ. ‘ಅಕ್ಷರ ಸಣ್ಣ ಕಾಣುತ್ತಾ? ರೆಸಲ್ಯೂಷನ್ ಇಳಿಸು’ ಎಂಬ ಅಭ್ಯಾಸ ಆ ಕಾಲದ್ದು. ಎಲ್‌ಸಿಡಿಯಲ್ಲಿ ಅದೇ ಅಭ್ಯಾಸ ಕಣ್ಣಿಗೆ ಕೆಡುಕು.

ಏಕೆಂದು ನೋಡಲು ಎರಡೇ ಚುಕ್ಕಿ ಸಾಕು. ಫುಲ್ ಎಚ್‌ಡಿ ಪರದೆಗೆ 1280×720 ಇಟ್ಟಿದ್ದೀರಿ ಎನ್ನಿ. 1280 ಚುಕ್ಕಿಯ ಸಾಲು 1920ರಲ್ಲಿ ಹರಡಬೇಕು, ಅಂದರೆ ಒಂದೊಂದಕ್ಕೂ ಒಂದೂವರೆ ಮನೆ. ಪಕ್ಕಪಕ್ಕದಲ್ಲಿ ಒಂದು ಕಪ್ಪು, ಒಂದು ಬಿಳಿ ಇದ್ದರೆ ಅವೆರಡಕ್ಕೂ ಸೇರಿ ಸಿಗುವುದು ಮೂರು ಮನೆ. ಮೊದಲನೆಯದು ಕಪ್ಪು, ಮೂರನೆಯದು ಬಿಳಿ. ನಡುವಿನದು ಅರ್ಧ ಕಪ್ಪಿಗೆ, ಅರ್ಧ ಬಿಳಿಗೆ ಸೇರಿದ್ದು; ಅರ್ಧ ಚುಕ್ಕಿ ಬೆಳಗಲು ಬಾರದು, ಹಾಗಾಗಿ ಅದು ಬೂದು ಬಣ್ಣಕ್ಕೆ ತಿರುಗುತ್ತದೆ. ನಮಗೆ ಮಂಜು ಎನಿಸುವುದು ಆ ಬೂದು. 1366×768 ಇಟ್ಟರೆ ಪಾಲು ಸುಮಾರು 1.4, ಬೂದು ಚುಕ್ಕಿಗಳು ಇನ್ನೂ ಅಡ್ಡಾದಿಡ್ಡಿ. ಏಳು ಚುಕ್ಕಿಯ ರಂಗೋಲಿಯನ್ನು ಹತ್ತು ಚುಕ್ಕಿಯ ಮೇಲೆ ಎಳೆಯಹೊರಟಂತೆ.

ಕನ್ನಡ ಓದುವವರಿಗೆ ಇದರ ಪೆಟ್ಟು ತುಸು ಜಾಸ್ತಿಯೇ. ದ, ಧ, ಥ ಮೂರಕ್ಕೂ ಮೈ ಒಂದೇ. ‘ಧ’ಗೆ ಕೆಳಗೊಂದು ಸೀಳು, ‘ಥ’ಗೆ ಸೀಳಿನ ಜೊತೆ ಹೊಟ್ಟೆಯಲ್ಲೊಂದು ಚುಕ್ಕಿ. ಸಣ್ಣ ಗಾತ್ರದ ಅಕ್ಷರದಲ್ಲಿ ಆ ಸೀಳಿಗೆ ಸಿಗುವುದು ಒಂದೋ ಎರಡೋ ಪಿಕ್ಸೆಲ್. ಅದು ಬೂದಾದರೆ ‘ಧನ’ ಮತ್ತು ‘ದನ’ ಬೇರ್ಪಡುವುದಿಲ್ಲ. ಒತ್ತಕ್ಷರಗಳ ಪಾಡಂತೂ ಕೇಳುವುದೇ ಬೇಡ.

ವಿಂಡೋಸ್ 10 ಮತ್ತು 11ರಲ್ಲಿ ಸರಿಪಡಿಸುವ ಜಾಗ ಒಂದೇ. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ ತೆರೆಯಿರಿ, ‘ಡಿಸ್‌ಪ್ಲೇ ರೆಸಲ್ಯೂಷನ್’ ಪಟ್ಟಿಯಲ್ಲಿ ‘ರೆಕಮೆಂಡೆಡ್’ ಎಂದು ಬರೆದಿರುವುದನ್ನು ಆರಿಸಿ. ಅಕ್ಷರ ಸಣ್ಣದಾಯಿತು ಎನಿಸಿದರೆ ಅದರ ಮೇಲೇ ಇರುವ ‘ಸ್ಕೇಲ್’ ಅನ್ನು 125 ಅಥವಾ 150 ಶೇಕಡಾಕ್ಕೆ ಏರಿಸಿ. ಸ್ಕೇಲ್ ಏರಿಸಿದಾಗ ಕಂಪ್ಯೂಟರು ಇದ್ದ ಚಿತ್ರವನ್ನು ಎಳೆಯುವುದಿಲ್ಲ. ಫಾಂಟಿನೊಳಗೆ ಅಕ್ಷರಗಳು ಬಾಹ್ಯರೇಖೆಗಳಾಗಿ ಇರುವುದರಿಂದ ದೊಡ್ಡ ಗಾತ್ರದಲ್ಲಿ ಹೊಸದಾಗಿ ಬರೆಯುತ್ತದೆ. ವಯಸ್ಸಾದವರ ಕಂಪ್ಯೂಟರಿನಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಬದಲಿಸಿದ ಮೇಲೆ ಒಮ್ಮೆ ಸೈನ್ ಔಟ್ ಆಗಿ ಒಳಬನ್ನಿ. ಆಗಲೇ ತೆರೆದಿದ್ದ ಕೆಲವು ಪ್ರೋಗ್ರಾಂಗಳು ಅಲ್ಲಿಯವರೆಗೆ ಮಸುಕಾಗಿಯೇ ಇರುತ್ತವೆ.

ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್ ಜೋಡಿಸಿದವರು ಬೀಳುವ ಹೊಂಡ ಬೇರೆ. ‘ಡೂಪ್ಲಿಕೇಟ್’ ಸ್ಥಿತಿಯಲ್ಲಿ ಎರಡೂ ಪರದೆಗೆ ಒಂದೇ ರೆಸಲ್ಯೂಷನ್ ಹೋಗುತ್ತದೆ. ಲ್ಯಾಪ್‌ಟಾಪಿನದು 1366×768, ಮಾನಿಟರಿನದು 1920×1080 ಆಗಿದ್ದರೆ ಎರಡರಲ್ಲೊಂದು ಮಂಜಾಗಲೇಬೇಕು. ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಅಥವಾ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿದರೆ ಮುಗಿಯಿತು.

ಇಷ್ಟು ಮಾಡಿಯೂ ಹೋಗದಿದ್ದರೆ ಸುಮ್ಮನೆ ಎಲ್ಲ ಸೆಟ್ಟಿಂಗನ್ನೂ ತಿರುವಬೇಡಿ, ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಅದನ್ನು ಫೋನಿಗೆ ಕಳಿಸಿ (ವಾಟ್ಸ್ಯಾಪ್ ಚಿತ್ರವನ್ನು ಒತ್ತಿ ಹಿಂಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ), ಹಿಗ್ಗಿಸಿ ನೋಡಿ. ಅದರಲ್ಲೂ ಮಸುಕಿದ್ದರೆ ತಪ್ಪು ಕಂಪ್ಯೂಟರಿನ ಒಳಗೆ, ಅಂದರೆ ಪ್ರೋಗ್ರಾಂ ಅಥವಾ ಸ್ಕೇಲಿಂಗ್‌ನಲ್ಲಿ. ಸ್ಕ್ರೀನ್‌ಶಾಟ್ ಸ್ವಚ್ಛವಾಗಿದ್ದು ಪರದೆ ಮಾತ್ರ ಮಸುಕಾಗಿದ್ದರೆ ತಪ್ಪು ಅದರ ಮುಂದಿನ ದಾರಿಯಲ್ಲಿ: ರೆಸಲ್ಯೂಷನ್, ಕೇಬಲ್ ಅಥವಾ ಮಾನಿಟರ್. ಎರಡು ನಿಮಿಷದ ಈ ಪರೀಕ್ಷೆ ಅರ್ಧ ದಿನ ಉಳಿಸುತ್ತದೆ.

ಒಂದೇ ಒಂದು ಪ್ರೋಗ್ರಾಂ ಮಸುಕು, ಮಿಕ್ಕವೆಲ್ಲ ಚೆನ್ನ ಎಂದಾದರೆ ಆ ಪ್ರೋಗ್ರಾಂಗೆ ಸ್ಕೇಲಿಂಗ್ ತಿಳಿಯದು ಎಂದರ್ಥ. ಅದು 100 ಶೇಕಡಾ ಲೆಕ್ಕದಲ್ಲಿ ಬರೆದುಕೊಡುತ್ತದೆ, ವಿಂಡೋಸ್ ಅದನ್ನು ಫೋಟೋದಂತೆ ಎಳೆದು ತೋರಿಸುತ್ತದೆ. ಹಳೆಯ ಲೆಕ್ಕಪತ್ರದ ಪ್ರೋಗ್ರಾಂ, ಹಳೆಯ ಟೈಪಿಂಗ್ ತಂತ್ರಾಂಶಗಳಲ್ಲಿ ಇದು ಸಾಮಾನ್ಯ. ಅದರ ಐಕಾನ್ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’, ‘ಕಂಪ್ಯಾಟಿಬಿಲಿಟಿ’, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’. ಕೆಳಗಿನ ‘ಓವರ್‌ರೈಡ್’ ಎಂಬ ಚೌಕಕ್ಕೆ ಗುರುತು ಹಾಕಿ ‘ಸಿಸ್ಟಮ್ ಎನ್‌ಹ್ಯಾನ್ಸ್ಡ್’ ಆರಿಸಿ ನೋಡಿ. ಫಲ ಕಾಣದಿದ್ದರೆ ‘ಅಪ್ಲಿಕೇಷನ್’ ಆರಿಸಿ. ಅಕ್ಷರ ಚೊಕ್ಕಟವಾಗುತ್ತದೆ, ಆದರೆ ಬಟನ್‌ಗಳು ಇರುವೆಯಷ್ಟಾಗಬಹುದು.

ಪಟ್ಟಿಯಲ್ಲಿ ನಿಮ್ಮ ಪರದೆಯ ರೆಸಲ್ಯೂಷನ್ನೇ ಇಲ್ಲ, 1024×768ಕ್ಕೆ ನಿಂತುಬಿಟ್ಟಿದೆ ಎಂಬ ತೊಂದರೆಗೆ ಎರಡು ಕಾರಣ. ಡಿವೈಸ್ ಮ್ಯಾನೇಜರ್‌ನ ‘ಡಿಸ್‌ಪ್ಲೇ ಅಡಾಪ್ಟರ್ಸ್’ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ (ಚಿತ್ರ ಮೂಡಿಸುವ ಚಿಪ್ಪನ್ನು ನಡೆಸುವ ತಂತ್ರಾಂಶ) ಇಲ್ಲ. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಇದು ಆಗಾಗ ಕಾಣುತ್ತದೆ. ಕಂಪ್ಯೂಟರ್ ಅಥವಾ ಗ್ರಾಫಿಕ್ಸ್ ಚಿಪ್ ತಯಾರಿಸಿದವರ ತಾಣದಿಂದಲೇ ಡ್ರೈವರ್ ಇಳಿಸಿ. ‘ಮಾನಿಟರ್ಸ್’ ಕೆಳಗೆ ‘ಜೆನೆರಿಕ್ ನಾನ್ ಪಿಎನ್‌ಪಿ’ ಎಂದಿದ್ದರೆ ಕಥೆ ಬೇರೆ. ಮಾನಿಟರು ತನ್ನ ಚುಕ್ಕಿಲೆಕ್ಕವನ್ನು ಇಡಿಐಡಿ ಎಂಬ ಪುಟ್ಟ ಕಡತದಲ್ಲಿ ಕಂಪ್ಯೂಟರಿಗೆ ತಿಳಿಸುತ್ತದೆ. 15 ಪಿನ್ನಿನ ವಿಜಿಎ ಕೇಬಲಿನಲ್ಲಿ ಈ ಮಾತುಕತೆ 12 ಮತ್ತು 15ನೇ ಪಿನ್ ಮೂಲಕ ನಡೆಯುತ್ತದೆ. ಅಗ್ಗದ ಕೇಬಲಿನಲ್ಲಿ ಆ ತಂತಿಗಳೇ ಇಲ್ಲದಿದ್ದರೆ, ಅಥವಾ ಪಿನ್ ಬಾಗಿದ್ದರೆ, ಕಂಪ್ಯೂಟರು ಕುರುಡಾಗಿ ಎಲ್ಲರಿಗೂ ಹೊಂದುವ ಸಣ್ಣ ಲೆಕ್ಕ ಹಿಡಿಯುತ್ತದೆ. ಚಿತ್ರ ಬರುತ್ತಿದೆಯಲ್ಲ, ಕೇಬಲ್ ಸರಿಯಿದೆ ಎಂದುಕೊಳ್ಳಬೇಡಿ.

ವಿಜಿಎಯ ಇನ್ನೊಂದು ಕಾಟ, ಅದು ಅನಲಾಗ್ ಸಂಕೇತ. ಲೆಕ್ಕ ಸರಿಯಿದ್ದರೂ ಒಂದು ಪಿಕ್ಸೆಲ್ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂಬುದನ್ನು ಮಾನಿಟರೇ ಊಹಿಸಬೇಕು. ಊಹೆ ತಪ್ಪಿದರೆ ಅಕ್ಷರಕ್ಕೆ ನೆರಳು ಬೀಳುತ್ತದೆ, ಕೆಲವೊಮ್ಮೆ ಪರದೆಯಲ್ಲಿ ಉದ್ದಪಟ್ಟಿಗಳಾಗಿ ಮಸುಕು ಕಾಣುತ್ತದೆ. ಅಕ್ಷರಗಳು ತುಂಬಿದ ಪುಟವೊಂದನ್ನು ಇಡೀ ಪರದೆಗೆ ತೆರೆದಿಟ್ಟು ಮಾನಿಟರಿನ ‘ಆಟೋ ಅಡ್ಜಸ್ಟ್’ ಬಟನ್ ಒತ್ತಿ. ಖಾಲಿ ನೀಲಿ ಡೆಸ್ಕ್‌ಟಾಪ್ ಇಟ್ಟು ಒತ್ತಿದರೆ ಅದಕ್ಕೆ ಅಳೆಯಲು ಅಂಚುಗಳೇ ಸಿಗುವುದಿಲ್ಲ. ಆಗದಿದ್ದರೆ ಮೆನುವಿನಲ್ಲಿ ‘ಫೇಸ್’ (Phase) ಅನ್ನು ಒಂದೊಂದೇ ಅಂಕಿ ಸರಿಸಿ. ಎರಡೂ ಕಡೆ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಇದ್ದರೆ ಈ ಕಸರತ್ತೇ ಬೇಡ, ಕೇಬಲ್ ಬದಲಿಸಿ.

ಟಿವಿಯನ್ನೇ ಮಾನಿಟರ್ ಮಾಡಿಕೊಂಡವರು ‘ರೆಕಮೆಂಡೆಡ್’ ಎಂಬ ಮಾತನ್ನು ಪೂರ್ತಿ ನಂಬಬಾರದು. 32 ಇಂಚಿನ ಅನೇಕ ಎಚ್‌ಡಿ ರೆಡಿ ಟಿವಿಗಳ ಪರದೆ 1366×768. ಆದರೂ ಸೆಟ್‌ಟಾಪ್ ಬಾಕ್ಸಿನ ಸಲುವಾಗಿ 1920×1080 ಸಂಕೇತವನ್ನೂ ಅವು ಒಪ್ಪಿಕೊಂಡು ಒಳಗೇ ಕುಗ್ಗಿಸುತ್ತವೆ. ವಿಂಡೋಸ್ ‘1920×1080 ರೆಕಮೆಂಡೆಡ್’ ಎನ್ನಬಹುದು, ಅಕ್ಷರ ಮಾತ್ರ ಕಲಸುಮೇಲೋಗರ. ಟಿವಿಯ ಕೈಪಿಡಿಯಲ್ಲಿರುವ ಪ್ಯಾನೆಲ್ ಲೆಕ್ಕವನ್ನೇ ಹಿಡಿಯಿರಿ. ಅಂಚು ಕತ್ತರಿಸಿದಂತೆ, ಟಾಸ್ಕ್‌ಬಾರ್ ಅರ್ಧ ಮುಳುಗಿದಂತೆ ಕಂಡರೆ ಅದು ಓವರ್‌ಸ್ಕ್ಯಾನ್: ಟಿವಿ ಚಿತ್ರವನ್ನು ತುಸು ಹಿಗ್ಗಿಸಿ ಅಂಚನ್ನು ಹೊರಗೆ ತಳ್ಳುತ್ತಿದೆ. ರಿಮೋಟಿನ ಪಿಕ್ಚರ್ ಸೈಜ್ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಆರಿಸಿ. ಹೆಸರು ಕಂಪನಿಯಿಂದ ಕಂಪನಿಗೆ ಬೇರೆ. ಇನ್‌ಪುಟ್ಟಿಗೆ ‘ಪಿಸಿ’ ಎಂದು ಹೆಸರು ಕೊಟ್ಟರೆ ಹಲವು ಟಿವಿಗಳು ಬಣ್ಣವನ್ನೂ ಪೂರ್ತಿ ತೋರಿಸುತ್ತವೆ. ಇಲ್ಲವಾದರೆ ನಾಲ್ಕು ಚುಕ್ಕಿಗೆ ಒಂದೇ ಬಣ್ಣ ಹಂಚುವ ಪದ್ಧತಿ ನಡೆದು, ಬಿಳಿಯ ಮೇಲಿನ ಕಪ್ಪಕ್ಷರ ಚೆನ್ನಾಗಿದ್ದು ಕಪ್ಪಿನ ಮೇಲಿನ ಕೆಂಪಕ್ಷರ ಮಾತ್ರ ಕದಡುತ್ತದೆ. ‘ಶಾರ್ಪ್‌ನೆಸ್’ ಏರಿಸುವುದು ಮದ್ದಲ್ಲ, ಅಕ್ಷರದ ಸುತ್ತ ಬಿಳಿ ಅಂಚು ಹಚ್ಚುತ್ತದೆ ಅಷ್ಟೆ.

ಎಲ್ಲ ಸರಿಯಿದ್ದೂ ಅಕ್ಷರದ ಓರೆಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅದು ಮಸುಕಲ್ಲ, ಚುಕ್ಕಿಗಳೇ ದಪ್ಪ. ಅದೇ 1920×1080 ಲೆಕ್ಕ 15.6 ಇಂಚಿನ ಲ್ಯಾಪ್‌ಟಾಪಿನಲ್ಲಿ ಇಂಚಿಗೆ ಸುಮಾರು 141 ಚುಕ್ಕಿ, 24 ಇಂಚಿನಲ್ಲಿ 92, 27 ಇಂಚಿನಲ್ಲಿ ಬರೀ 82. ದಿನವಿಡೀ ಓದುವ, ಟೈಪಿಸುವ ಕೆಲಸಕ್ಕೆ 27 ಇಂಚು ಬೇಕೇಬೇಕೆಂದರೆ 2560×1440 ಇರುವುದನ್ನೇ ಕೊಳ್ಳಿ.

ಕೊನೆಗೆ ಉಳಿಯುವುದು ಕ್ಲಿಯರ್‌ಟೈಪ್. ಪ್ರತಿ ಪಿಕ್ಸೆಲ್ಲಿನಲ್ಲೂ ಪಕ್ಕಪಕ್ಕ ನಿಂತಿರುವ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆ ಬೇರೆಯಾಗಿ ಬೆಳಗಿಸಿ ಅಕ್ಷರದ ಅಂಚನ್ನು ನಯಗೊಳಿಸುವ ಮೈಕ್ರೋಸಾಫ್ಟಿನ ಉಪಾಯ ಇದು. ಪಟ್ಟಿಗಳ ಸಾಲು ಅದು ಎಣಿಸಿದಂತೆ ಇಲ್ಲದಿದ್ದರೆ, ಉದಾಹರಣೆಗೆ ಮಾನಿಟರನ್ನು ಉದ್ದಕ್ಕೆ ತಿರುಗಿಸಿ ನಿಲ್ಲಿಸಿದ್ದರೆ, ಅಕ್ಷರಕ್ಕೆ ಬಣ್ಣದ ಅಂಚು ಕಾಣಬಹುದು. ಸ್ಟಾರ್ಟ್ ಮೆನುವಿನಲ್ಲಿ ‘ಅಡ್ಜಸ್ಟ್ ಕ್ಲಿಯರ್‌ಟೈಪ್ ಟೆಕ್ಸ್ಟ್’ ಹುಡುಕಿ ತೆರೆದರೆ ಪುಟ ಪುಟವಾಗಿ ಮಾದರಿ ಸಾಲುಗಳನ್ನು ತೋರಿಸಿ ಯಾವುದು ಚೆನ್ನ ಎಂದು ಕೇಳುತ್ತದೆ. ಆ ಮಾದರಿಗಳಿಗೂ ಮೊದಲು ಅದು ಪರೀಕ್ಷಿಸುವುದು ಒಂದನ್ನೇ: ಮಾನಿಟರು ನೇಟಿವ್ ರೆಸಲ್ಯೂಷನ್‌ನಲ್ಲಿ ಇದೆಯೋ ಇಲ್ಲವೋ.