ಬೆರಾನೆಯಾರ್: ಬೇಸಿಗೆ ಕಳೆಯುವುದಕ್ಕೇ ಒಂದು ಕ್ರಿಯಾಪದ

ಸ್ಪ್ಯಾನಿಷ್‌ನಲ್ಲಿ ಬೇಸಿಗೆಗೆ ‘ಬೆರಾನೊ’ ಎನ್ನುತ್ತಾರೆ. ಬರೆಯುವಾಗ ಮೊದಲ ಅಕ್ಷರ ‘ವಿ’, ಬಾಯಲ್ಲಿ ಬರುವುದು ‘ಬ’. ಹಾಗಾಗಿ ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಬರೆದಿದ್ದೇನೆ. ಇದೇ ಪದದಿಂದ ಹುಟ್ಟಿದ ಕ್ರಿಯಾಪದ ‘ಬೆರಾನೆಯಾರ್’, ಅಂದರೆ ಬೇಸಿಗೆಯನ್ನು ಮನೆ ಬಿಟ್ಟು ಇನ್ನೊಂದು ಕಡೆ ಕಳೆಯುವುದು. ಪ್ರಯಾಣಕ್ಕೆ ‘ಬಿಯಾಹಾರ್’ ಎಂಬ ಬೇರೆಯೇ ಪದವಿದೆ. ಎರಡನ್ನೂ ಒಂದೇ ಎಂದು ಬರೆದುಕೊಳ್ಳಬೇಡಿ. ಎರಡು ದಿನದಲ್ಲಿ ಆರು ಊರು ನೋಡಿ ಬಂದರೆ ಅದು ಬೆರಾನೆಯಾರ್ ಆಗುವುದಿಲ್ಲ. ಒಂದೇ ಊರಲ್ಲಿ ವಾರಗಟ್ಟಲೆ ಇದ್ದು, ದಿನಾ ಅದೇ ಮರಳಿಗೆ ಹೋಗಿ, ಅದೇ ಅಂಗಡಿಯಲ್ಲಿ ಬ್ರೆಡ್ ಕೊಂಡು, ವರ್ಷ ವರ್ಷವೂ ಅಲ್ಲಿಗೇ ಮರಳಿದರೆ ಆಗುತ್ತದೆ. ಸ್ಪೇನಿನ ಬೇಸಿಗೆಯ ನಿಧಾನವೆಲ್ಲ ಈ ನಿಲ್ಲುವಿಕೆಯಲ್ಲಿದೆ ಅಂತ ನನಗೆ ಅನಿಸುತ್ತದೆ.

ಮೊದಮೊದಲು ಇದು ಅರಮನೆಯವರ ರೂಢಿ. 1845ರಲ್ಲಿ ರಾಣಿ ಎರಡನೇ ಇಸಾಬೆಲ್ ಚರ್ಮದ ತೊಂದರೆಗೆ ವೈದ್ಯರ ಸಲಹೆಯಂತೆ ಸಮುದ್ರಸ್ನಾನಕ್ಕೆಂದು ಉತ್ತರದ ಸಾನ್ ಸೆಬಾಸ್ತಿಯಾನ್‌ಗೆ ಬಂದಳು. ಮುಂದೆ ರಾಣಿ ಮರಿಯಾ ಕ್ರಿಸ್ತೀನಾ ಅದೇ ಊರಲ್ಲಿ, ಲಾ ಕೊಂಚಾ ತೀರದ ಮೇಲೆ ಮಿರಾಮಾರ್ ಅರಮನೆ ಕಟ್ಟಿಸಿದಳು. ಅದು ಮುಗಿದದ್ದು 1893ರಲ್ಲಿ. ಸಾಮಾನ್ಯರಿಗೆ ಕಡಲು ಹತ್ತಿರವಾದದ್ದು ಬಹಳ ತಡವಾಗಿ. 1957ರಲ್ಲಿ ಸೇಯಾತ್ 600 ಎಂಬ ಪುಟ್ಟ ಕಾರು ಬಂತು. ಇಡೀ ಸಂಸಾರ, ಅಜ್ಜಿ, ಕಾರಿನ ತಲೆಯ ಮೇಲೆ ಹೊರೆ ಸಾಮಾನು, ಎಲ್ಲ ಅದರಲ್ಲೇ ತುಂಬಿಕೊಂಡು ಹೊರಡತೊಡಗಿದರು. ಹೆಂಡತಿ ಮಕ್ಕಳನ್ನು ಕಡಲತೀರದಲ್ಲಿ ಬಿಟ್ಟು, ಕೆಲಸಕ್ಕೆಂದು ಬಿಸಿಲ ಮ್ಯಾಡ್ರಿಡ್‌ನಲ್ಲಿ ಒಬ್ಬನೇ ಉಳಿಯುವ ಗಂಡನಿಗೆ ಇವತ್ತಿಗೂ ‘ರೊದ್ರೀಗೆಸ್’ ಎನ್ನುತ್ತಾರೆ. ‘ಎಸ್ತಾರ್ ದೆ ರೊದ್ರೀಗೆಸ್’ ಎಂಬ ನುಡಿಗಟ್ಟು ಓದುವಾಗ ಸಿಕ್ಕರೆ ಅದನ್ನು ಯಾರದೋ ಹೆಸರು ಅಂದುಕೊಳ್ಳಬೇಡಿ.

ಎಲ್ಲರೂ ಕಡಲಿಗೇ ಹೋಗುತ್ತಾರೆ ಅಂತಲ್ಲ. 1950, 60ರ ದಶಕಗಳಲ್ಲಿ ಹಳ್ಳಿ ಬಿಟ್ಟು ಮ್ಯಾಡ್ರಿಡ್, ಬಾರ್ಸಿಲೋನಾ, ಬಿಲ್ಬಾವೊ ಸೇರಿದವರ ಮಕ್ಕಳು ಮೊಮ್ಮಕ್ಕಳು ಆಗಸ್ಟ್‌ನಲ್ಲಿ ‘ಅಲ್ ಪುಯೆಬ್ಲೊ’, ಅಂದರೆ ಊರಿಗೆ ಹೋಗುತ್ತಾರೆ. ನಾವು ‘ಊರಿಗೆ ಹೋಗ್ತೀವಿ’ ಅನ್ನುವಾಗ ಯಾವ ಊರು ಎಂದು ಹೇಳಬೇಕಿಲ್ಲವಲ್ಲ, ಅಲ್ಲಿಯೂ ಹಾಗೇ. ರಾತ್ರಿ ಬೀದಿಗೆ ಕುರ್ಚಿ ತಂದು ಹಾಕಿಕೊಂಡು, ಬಾಗಿಲ ಮುಂದೆ ತಂಗಾಳಿಗೆ ಕೂತು ಹರಟುವುದು ‘ತೊಮಾರ್ ಲಾ ಫ್ರೆಸ್ಕಾ’. ನಮ್ಮ ಜಗಲಿಯ ಮಾತುಕತೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾದಿಸ್ ಪ್ರಾಂತದ ಅಲ್ಗಾರ್ ಎಂಬ ಸಣ್ಣ ಊರಿನ ಮೇಯರ್ 2021ರಲ್ಲಿ ಈ ಬೀದಿ ಹರಟೆಯನ್ನು ಯುನೆಸ್ಕೋದ ಪರಂಪರೆ ಪಟ್ಟಿಗೆ ಸೇರಿಸಬೇಕೆಂದು ಹೊರಟರು. ಫೋನ್ ಬಂದ ಮೇಲೆ ಕುರ್ಚಿಗಳು ಒಳಗೇ ಉಳಿದುಬಿಡುತ್ತಿವೆ ಎಂಬುದು ಅವರ ಕಳವಳ. ಅದು ನನಗೂ ನಾಟಿತು.

ಈಗ ಗಡಿಯಾರ. ಇದನ್ನು ತಿಳಿಯದೆ ಪದಗಳು ಸರಿಯಾಗಿ ಕೂರುವುದಿಲ್ಲ. ಗ್ರೀನಿಚ್ ರೇಖೆ ಸ್ಪೇನಿನ ಮೇಲೆಯೇ ಹಾದುಹೋಗುತ್ತದೆ, ಅಂದರೆ ಅಲ್ಲಿ ಲಂಡನ್ ಹೊತ್ತೇ ಇರಬೇಕಿತ್ತು, ಆದರೆ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಬರ್ಲಿನ್ ಹೊತ್ತಿಗೆ ಸೇರಿಸಿತು. ಅದು ಹಿಂದಕ್ಕೆ ಬರಲೇ ಇಲ್ಲ. ಬೇಸಿಗೆಯಲ್ಲಿ ಇನ್ನೊಂದು ಗಂಟೆ ಮುಂದೆ. ಹೀಗಾಗಿ ಜುಲೈನಲ್ಲಿ ಮ್ಯಾಡ್ರಿಡ್‌ನ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಸುಮಾರು 2.20ಕ್ಕೆ. ಜೂನ್ ಕೊನೆಯಲ್ಲಿ ಮುಳುಗುವುದು ರಾತ್ರಿ 9.48ರ ಹೊತ್ತಿಗೆ. ಊಟ 2ರಿಂದ 3.30ರ ನಡುವೆ, ರಾತ್ರಿಯೂಟ 10ಕ್ಕೆ. ಸ್ಪೇನಿನವರು ತಡವಾಗಿ ಉಣ್ಣುತ್ತಾರೆ ಎನ್ನುತ್ತೇವೆ. ಸೂರ್ಯನನ್ನು ಕೇಳಿದರೆ ಅಷ್ಟೇನೂ ತಡವಲ್ಲ.

ಕಲಿಯುವ ಶುರುವಿನಲ್ಲಿ ‘ಮೆದಿಯೊದೀಯಾ’ ಅಂದರೆ 12 ಗಂಟೆ ಎಂದು ನಾನು ಪುಸ್ತಕದಂಚಿಗೆ ಬರೆದಿಟ್ಟಿದ್ದೆ. ಮಾತಿನಲ್ಲಿ ಅದು ಹೆಚ್ಚಾಗಿ ಊಟದ ಹೊತ್ತು. ಬೆಳಗಿನ ನಮಸ್ಕಾರವಾದ ‘ಬ್ವೇನೊಸ್ ದೀಯಾಸ್’ ಅನ್ನುವುದನ್ನು ಬಿಟ್ಟು ಮಧ್ಯಾಹ್ನದ ನಮಸ್ಕಾರ ‘ಬ್ವೇನಾಸ್ ತಾರ್ದೆಸ್’ಗೆ ಹೊರಳುವುದು ಊಟವಾದ ಮೇಲೆ. ಮಧ್ಯಾಹ್ನ 1.30ಕ್ಕೂ ‘ಬ್ವೇನೊಸ್ ದೀಯಾಸ್’ ಕಿವಿಗೆ ಬಿದ್ದರೆ ತಪ್ಪೇನಿಲ್ಲ, ಹೇಳಿದವರದು ಇನ್ನೂ ಊಟ ಆಗಿಲ್ಲ. ಬೇಸಿಗೆಯಲ್ಲಿ ಎಷ್ಟೋ ಕಚೇರಿಗಳು ‘ಹೊರ್ನಾದಾ ಇಂತೆನ್ಸೀವಾ’ಕ್ಕೆ ಬದಲಾಗುತ್ತವೆ: ಬೆಳಿಗ್ಗೆ 8ರಿಂದ 3ರವರೆಗೆ ಒಂದೇ ಉಸಿರಿನ ಕೆಲಸ, ಆಮೇಲೆ ಇಡೀ ಸಂಜೆ ನಿಮ್ಮದು.

ಊಟದ ಪದಗಳಲ್ಲಿ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಗಾಸ್ಪಾಚೊ ಟೊಮೆಟೊದ ತಣ್ಣನೆಯ ಸೂಪು. ಅದರ ಕೊರ್ದೋಬಾ ಕಡೆಯ ಗಟ್ಟಿ ರೂಪ ಸಾಲ್ಮೊರೇಹೊ. ಬಾದಾಮಿ ಬೆಳ್ಳುಳ್ಳಿ ಅರೆದ ಅಹೊಬ್ಲಾಂಕೊ ಟೊಮೆಟೊ ಅಮೆರಿಕದಿಂದ ಬರುವುದಕ್ಕಿಂತ ಹಿಂದಿನ ಬಗೆ. ಅಗಲ ಬಾಣಲೆಯಲ್ಲಿ ಮಾಡುವ ಅಕ್ಕಿಯ ಅಡುಗೆ ಪಯೇಯಾ ವಾಲೆನ್ಸಿಯಾದವರಿಗೆ ಮಧ್ಯಾಹ್ನದ ಊಟ, ಅದರಲ್ಲೂ ಭಾನುವಾರದ್ದು. ಅಕ್ಕಿ ಹಾಕಿದ ಮೇಲೆ ಕೈಯಾಡಿಸುವುದಿಲ್ಲ, ತಳ ಹಿಡಿದ ಗರಿಗರಿ ಪದರವೇ ‘ಸೊಕರ್ರಾತ್’, ಅದಕ್ಕೇ ಪೈಪೋಟಿ. ಕುಡಿಯಲು ಊರಿನವರು ಹೆಚ್ಚಾಗಿ ಕೇಳುವುದು ‘ತಿಂತೊ ದೆ ಬೆರಾನೊ’, ಕೆಂಪು ವೈನಿಗೆ ಸೋಡಾ ಬೆರೆಸಿದ್ದು.

ನಿಂತು ನೋಡಬೇಕಾದದ್ದು ದಕ್ಷಿಣ ಕರಾವಳಿಯ ಮಾಲಗಾದ ‘ಎಸ್ಪೇತೊ’, ಅಂದರೆ ಕಡ್ಡಿಗೆ ಪೋಣಿಸಿ ಕೆಂಡದ ಕಾವಿಗೆ ಸುಟ್ಟ ಮೀನು. ಕಡಲತೀರದ ಸಣ್ಣ ಹೋಟೆಲಿಗೆ ‘ಚಿರಿಂಗೀತೊ’ ಎನ್ನುತ್ತಾರೆ. ಅದರ ಮುಂದೆ ಹಳೆಯ ದೋಣಿಯೊಂದು, ಒಳಗೆಲ್ಲ ಮರಳು, ಮರಳ ಮೇಲೆ ಆಲಿವ್ ಕಟ್ಟಿಗೆಯ ಕೆಂಡ. ಸೀಳಿ ಮೊನೆ ಮಾಡಿದ ಬಿದಿರಿನಂಥ ಜೊಂಡುಕಡ್ಡಿಗೆ ಐದಾರು ಭೂತಾಯಿ ಮೀನು ಪೋಣಿಸುತ್ತಾರೆ. ಕಡ್ಡಿ ಬೆನ್ನೆಲುಬಿನ ಕೆಳಗಿಂದ ಹಾಯಬೇಕು, ಇಲ್ಲದಿದ್ದರೆ ಬೆಂದ ಮೀನು ಕಳಚಿ ಬೂದಿಗೆ ಬೀಳುತ್ತದೆ. ಕಡ್ಡಿಯನ್ನು ಕೆಂಡದ ಪಕ್ಕ ಮರಳಿಗೆ ಚುಚ್ಚಿ ನಿಲ್ಲಿಸುವಾಗ ಗಾಳಿ ಬರುವ ದಿಕ್ಕು ನೋಡಿಕೊಳ್ಳುತ್ತಾರೆ. ಹೊಗೆ ಮೀನಿಗೆ ತಾಗಬಾರದು, ಕಾವು ಮಾತ್ರ ತಾಗಬೇಕು. ಮಸಾಲೆ ಇಲ್ಲ, ಕಲ್ಲುಪ್ಪು ಅಷ್ಟೇ. ಕೈಯಲ್ಲೇ ತಿನ್ನುತ್ತಾರೆ. ಮಂಗಳೂರು ಕಡೆಯವರು ನಂಬಲಿಕ್ಕಿಲ್ಲ, ಆದರೆ ಕೊಬ್ಬು ತುಂಬಿದ ಮೀನಿಗೆ ಅದು ಸಾಕಾಗುತ್ತದೆ. ಕೊಬ್ಬು ತುಂಬುವ ಕಾಲಕ್ಕೂ ಒಂದು ಮಾತಿದೆ: ಹೆಸರಿನಲ್ಲಿ ‘ರ’ ಇಲ್ಲದ ತಿಂಗಳಲ್ಲಿ ಎಸ್ಪೇತೊ ತಿನ್ನು. ಮಾಯೊ, ಹೂನಿಯೊ, ಹೂಲಿಯೊ, ಅಗೋಸ್ತೊ. ಉಳಿದ ಎಂಟು ತಿಂಗಳ ಹೆಸರನ್ನು ಬರೆದು ನೋಡಿ, ಎಲ್ಲದರಲ್ಲೂ ‘ರ’ ಇದೆ. ತಿಂಗಳ ಹೆಸರು ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ತಟ್ಟೆ ಖಾಲಿಯಾದ ಮೇಲೂ ಯಾರೂ ಏಳುವುದಿಲ್ಲ. ಮೇಜಿನ ಸುತ್ತ ಕೂತು ಕಾಫಿ, ಮಾತು, ಮತ್ತೆ ಮಾತು. ಇದಕ್ಕೆ ‘ಸೊಬ್ರೆಮೇಸಾ’ ಎಂಬ ಪದವೇ ಇದೆ. ‘ಸೊಬ್ರೆ’ ಅಂದರೆ ಮೇಲೆ, ‘ಮೇಸಾ’ ಅಂದರೆ ಮೇಜು. ಕನ್ನಡದಲ್ಲಿ ಇದಕ್ಕೆ ಒಂಟಿ ಪದ ಹುಡುಕಿ ಸೋತೆ. ದೊಡ್ಡವರ ಈ ಹೊತ್ತೇ ಮಕ್ಕಳಿಗೆ ಕಾಯುವ ಹೊತ್ತು. ಉಂಡ ಕೂಡಲೇ ನೀರಿಗಿಳಿದರೆ ‘ಕೋರ್ತೆ ದೆ ದಿಹೆಸ್ತಿಯೋನ್’ ಆಗುತ್ತದೆ, ಜೀರ್ಣ ಕಡಿದು ಹೋಗುತ್ತದೆ ಎಂದು ಅಜ್ಜಿಯರು ಎರಡು ಗಂಟೆ ದಂಡೆಯಲ್ಲೇ ಕೂರಿಸುತ್ತಾರೆ. ಸ್ನಾನಕ್ಕೂ ಕಡಲಾಟಕ್ಕೂ ಒಂದೇ ಕ್ರಿಯಾಪದ, ‘ಬಾನ್ಯಾರ್ಸೆ’. ಕೊನೆಯ ‘ಸೆ’ ಆಡುವವರಿಗೆ ತಕ್ಕಂತೆ ಬದಲಾಗುತ್ತದೆ, ‘ನಾನು’ ಎಂದಾಗ ‘ಮೆ’. ಮಕ್ಕಳು ಐದು ನಿಮಿಷಕ್ಕೊಮ್ಮೆ ಮೇಜಿನ ಬಳಿ ಬಂದು ಕೇಳುವ ಈ ವಾಕ್ಯವನ್ನು ಬಾಯಿಪಾಠ ಮಾಡಿ: “ಯಾ ಮೆ ಪ್ವೇದೊ ಬಾನ್ಯಾರ್?” ಈಗ ನೀರಿಗೆ ಇಳೀಲಾ?