ಪಿಕಪ್ ಡಬ್ಬಿ ಹಾಕಿಸುವ ಮುಂಚೆ

"ಸಾರ್, ಥ್ರಾಟಲ್ ಕಂಟ್ರೋಲರ್ ಹಾಕಿಸಿದ್ರೆ ಪಿಕಪ್ ಜಾಸ್ತಿ ಆಗುತ್ತಾ?"

ಕಾರುಗಳ ಎಲೆಕ್ಟ್ರಿಕಲ್ ಮತ್ತು ಸ್ಕ್ಯಾನಿಂಗ್ ಕೆಲಸ ಮಾಡುವ ನನಗೆ ಈ ಪ್ರಶ್ನೆ ಈಗ ಮಾಮೂಲಾಗಿಬಿಟ್ಟಿದೆ. ಅವರು ಕೇಳುವುದು ಆಕ್ಸಿಲರೇಟರ್ ಪೆಡಲಿನ ವೈರಿಂಗಿಗೆ ಸೇರಿಸುವ ಪುಟ್ಟ ಎಲೆಕ್ಟ್ರಾನಿಕ್ ಡಬ್ಬಿಯ ಬಗ್ಗೆ. ಅದರಿಂದ ಎಂಜಿನ್ನಿನ ಶಕ್ತಿ ಒಂದು ಎಚ್‌ಪಿ ಕೂಡ ಹೆಚ್ಚಾಗುವುದಿಲ್ಲ. ಆದರೆ ಹಾಕಿಸಿದವರು "ಗಾಡಿನೇ ಬದಲಾಯ್ತು" ಅನ್ನುವುದೂ ಸುಳ್ಳಲ್ಲ. ಎರಡೂ ಮಾತು ಒಟ್ಟಿಗೆ ಹೇಗೆ ನಿಜ ಎಂದು ಗೊತ್ತಾದರೆ, ನಿಮ್ಮ ಗಾಡಿಗೆ ಅದು ಬೇಕೋ ಬೇಡವೋ ಎಂದು ನೀವೇ ತೀರ್ಮಾನ ಮಾಡಬಹುದು.

ಹಳೆಯ ಮಾರುತಿ 800 ಓಡಿಸಿದವರಿಗೆ ಆಕ್ಸಿಲರೇಟರ್ ಕೇಬಲ್ ನೆನಪಿರುತ್ತದೆ. ಪೆಡಲಿನಿಂದ ಕಾರ್ಬುರೇಟರ್ ತನಕ ಒಂದು ಉಕ್ಕಿನ ಕೇಬಲ್. ಕಾಲು ಎಷ್ಟು ಒತ್ತುತ್ತದೋ ಅಷ್ಟು, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಪ್ಲೇಟ್ ತೆರೆಯುತ್ತಿತ್ತು, ಆಗಿಂದಾಗಲೇ. ಕೇಬಲ್ ಕಟ್ಟಾದರೆ ನಡುದಾರಿಯಲ್ಲಿ ನಿಲ್ಲಬೇಕಾಗಿತ್ತು, ಅದು ಬೇರೆ ಮಾತು. ಈಗಿನ ಕಾರಿನಲ್ಲಿ ಆ ಕೇಬಲ್ ಇಲ್ಲ. ಪೆಡಲಿನ ಬುಡದಲ್ಲಿ ಸೆನ್ಸರ್ ಇದೆ. ಕಾಲು ಎಷ್ಟು ಕೆಳಗೆ ಹೋಗಿದೆ ಎನ್ನುವುದನ್ನು ಅದು ವೋಲ್ಟೇಜ್ ಲೆಕ್ಕದಲ್ಲಿ ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಇಸಿಯು ಅದನ್ನು ನೋಡಿ ಆ ಪ್ಲೇಟ್ ಕೂರುವ ಥ್ರಾಟಲ್ ಬಾಡಿಯಲ್ಲಿರುವ ಪುಟ್ಟ ಮೋಟಾರಿಗೆ ಅಪ್ಪಣೆ ಕೊಡುತ್ತದೆ. 1980ರ ದಶಕದ ಕೊನೆಯಲ್ಲಿ ಬಿಎಂಡಬ್ಲ್ಯು 7 ಸೀರೀಸ್‌ನಂಥ ದುಬಾರಿ ಕಾರಿನಲ್ಲಿ ಬಂದ ಈ ವ್ಯವಸ್ಥೆ ಈಗ ನಮ್ಮ ಸಣ್ಣ ಹ್ಯಾಚ್‌ಬ್ಯಾಕ್‌ಗಳಲ್ಲೂ ಇದೆ.

ಯಾಕೆ ಬಂತು? ಕೇಬಲ್ ನಿಮ್ಮ ಕಾಲಿನ ಮಾತು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಒದ್ದೆ ರಸ್ತೆಯಲ್ಲಿ ಚಕ್ರ ಜಾರಿದಾಗ, ನೀವು ಪೆಡಲ್ ಒತ್ತಿ ಹಿಡಿದಿದ್ದರೂ ಎಂಜಿನ್ ತನ್ನ ಬಲ ತಗ್ಗಿಸಬೇಕು. ಇಲ್ಲದಿದ್ದರೆ ಚಕ್ರ ಜಾರದಂತೆ, ಗಾಡಿ ಅಡ್ಡ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ಇಎಸ್‌ಸಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಕ್ಲಚ್, ಗೇರ್ ಕೆಲಸವನ್ನು ತಾನೇ ಮಾಡುವ ಎಎಂಟಿ ಗಾಡಿಯಲ್ಲಿ ಗೇರ್ ಬದಲಾಗುವ ಹೊತ್ತಿಗೆ ಥ್ರಾಟಲ್ ಮುಚ್ಚಬೇಕು. ಕ್ರೂಸ್ ಕಂಟ್ರೋಲ್‌ಗೂ ಇದು ಅನುಕೂಲ. ಹೀಗಾಗಿ ನಿಮ್ಮ ಪೆಡಲ್ ಈಗ ಬರೀ ಬೇಡಿಕೆ. ಕೊಡುವುದು ಬಿಡುವುದು ಇಸಿಯು ಕೈಯಲ್ಲಿದೆ.

ಆ ಬೇಡಿಕೆಯನ್ನು ಇಸಿಯು ಇದ್ದ ಹಾಗೇ ಒಪ್ಪುವುದಿಲ್ಲ. ಕಾಲು 20 ಪರ್ಸೆಂಟ್ ಒತ್ತಿದರೆ ಪ್ಲೇಟ್ 10 ಪರ್ಸೆಂಟ್ ಮಾತ್ರ ತೆರೆಯುವಂತೆ ಕಂಪನಿಯವರು ಕೋಷ್ಟಕ ಬರೆದಿರಬಹುದು. ಜೊತೆಗೆ, ಕಾಲು ದಿಢೀರನೆ ಒತ್ತಿದರೂ ಬಲ ಮೆಲ್ಲಗೆ ಏರಲಿ ಎಂಬ ನಿಯಮ ಇರುತ್ತದೆ. ಗಾಡಿ ಜರ್ಕ್ ಹೊಡೆಯಬಾರದು, ಕ್ಲಚ್ ಮತ್ತು ಡ್ರೈವ್ ಶಾಫ್ಟ್ ಉಳಿಯಬೇಕು, ಹೊಗೆ ಪರೀಕ್ಷೆಯಲ್ಲಿ ಪಾಸಾಗಬೇಕು. ಥ್ರಾಟಲ್ ದಡಕ್ಕನೆ ತೆರೆದರೆ ಗಾಳಿ–ಪೆಟ್ರೋಲ್ ಲೆಕ್ಕ ಒಂದು ಕ್ಷಣ ತಪ್ಪುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂತು. 2023ರ ಏಪ್ರಿಲ್‌ನಿಂದ ರಸ್ತೆಯ ಮೇಲಿನ ಹೊಗೆಯನ್ನೂ ಲೆಕ್ಕಕ್ಕೆ ಹಿಡಿಯುವ ಅದರ ಎರಡನೇ ಹಂತ ಬಂತು. ಇಂಥ ನಿಯಮದಲ್ಲಿ ಆ ಒಂದು ಕ್ಷಣವೂ ದುಬಾರಿ. "ಹೊಸ ಗಾಡಿ ಯಾಕೋ ಮಂಕು" ಎಂದು ಹೇಳುವವರ ಮಾತಿನಲ್ಲಿ ಅರ್ಥವಿದೆ.

ಮೋಟಾರೇ ನಿಧಾನ ಅಂದುಕೊಳ್ಳಬೇಡಿ. ಮುಚ್ಚಿದ ಪ್ಲೇಟನ್ನು ಪೂರ್ತಿ ತೆರೆಯಲು ಅದಕ್ಕೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ನಿಧಾನ ಇರುವುದು ಸಾಫ್ಟ್‌ವೇರಿನಲ್ಲಿ, ಅದೂ ಬೇಕೆಂದೇ ಇಟ್ಟದ್ದು.

ಥ್ರಾಟಲ್ ಕಂಟ್ರೋಲರ್ ಎನ್ನುವ ಡಬ್ಬಿ ಕೂರುವುದು ಪೆಡಲ್ ಸೆನ್ಸರ್ ಮತ್ತು ವೈರಿಂಗ್ ನಡುವೆ. ಕಾಲು 20 ಒತ್ತಿದರೆ ಅದು ಇಸಿಯುಗೆ 35 ಎಂದು ಹೇಳುತ್ತದೆ. 50 ಒತ್ತಿದರೆ 75 ಎನ್ನಬಹುದು. 100 ಒತ್ತಿದರೆ? 100 ಎಂದೇ ಹೇಳಬೇಕು, ಅದರ ಮೇಲೆ ಅಂಕಿಯೇ ಇಲ್ಲ. ನಲ್ಲಿಯ ತಿರುಪು ಅರ್ಧ ಸುತ್ತಿಗೇ ಪೂರ್ತಿ ತೆರೆಯುವಂತೆ ಮಾಡಿಸಿಕೊಂಡರೆ ಬಕೆಟ್ ಬೇಗ ತುಂಬಿದ ಹಾಗೆ ಅನ್ನಿಸುತ್ತದೆ, ಟ್ಯಾಂಕಿನ ಒತ್ತಡ ಮಾತ್ರ ಅಷ್ಟೇ ಇರುತ್ತದೆ. ಪೆಡಲ್ ಕಮಾಂಡರ್, ಜರ್ಮನಿಯ ಪೆಡಲ್‌ಬಾಕ್ಸ್ ಮುಂತಾದ ಹೆಸರುಗಳನ್ನು ಕೇಳಿರುತ್ತೀರಿ. ಬಣ್ಣ, ಬಟನ್, ಆ್ಯಪ್ ಬೇರೆ ಬೇರೆ. ಒಳಗಿನ ಕೆಲಸ ಇದೇ.

ಇಸಿಯು ಇಟ್ಟಿರುವ "ಮೆಲ್ಲಗೆ ಏರಿಸು" ಎಂಬ ನಿಯಮ ಡಬ್ಬಿ ದಾಟಿದ ಮೇಲೆ ಬರುತ್ತದೆ. ಡಬ್ಬಿ ಅದನ್ನು ಮುಟ್ಟುವುದೇ ಇಲ್ಲ. ಹಾಗಾಗಿ ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಖಾಲಿ ಇರುವ, ನೇರವಾದ ರಸ್ತೆಗೆ ಹೋಗಿ. ಮೂರನೇ ಗೇರ್, ಸುಮಾರು 2000 ಆರ್‌ಪಿಎಂ. ಪೆಡಲನ್ನು ಒಮ್ಮೆಲೇ ನೆಲಕ್ಕೆ ಒತ್ತಿ. ಆಗಲೂ ಗಾಡಿ ಕಾಯಿಸಿ ಆಮೇಲೆ ಎಳೆದರೆ, ಆ ಕಾಯುವಿಕೆಯನ್ನು ಯಾವ ಡಬ್ಬಿಯೂ ತೆಗೆಯುವುದಿಲ್ಲ. ನೀವೇ 100 ಕೇಳಿದ್ದೀರಿ, ಡಬ್ಬಿ ಅದಕ್ಕಿಂತ ಜಾಸ್ತಿ ಏನು ಕೇಳೀತು? ಪೂರ್ತಿ ಒತ್ತಿದಾಗ ಚೆನ್ನಾಗಿ ಎಳೆದು, ಕಾಲು ಹಗುರ ಇಟ್ಟಾಗ ಮಾತ್ರ ಮಂಕು ಅನ್ನಿಸಿದರೆ, ಅದು ಪೆಡಲಿನ ಕೋಷ್ಟಕದ ಸಮಸ್ಯೆ. ಡಬ್ಬಿಗೆ ಕೆಲಸ ಇರುವುದು ಅಲ್ಲಿ ಮಾತ್ರ.

ಈ ಪರೀಕ್ಷೆ ಮಾಡಿಸಿದಾಗ ನನ್ನ ಬಳಿ ಬರುವ ಬಹಳ ಗಾಡಿಗಳ ರೋಗ ಬೇರೆಯೇ ಆಗಿರುತ್ತದೆ. ಒಂದು ಲೀಟರ್ ಟರ್ಬೊ ಪೆಟ್ರೋಲ್ ಗಾಡಿಯನ್ನೇ ತೆಗೆದುಕೊಳ್ಳಿ. 1300–1400 ಆರ್‌ಪಿಎಂನಲ್ಲಿ ಟರ್ಬೊ ಇನ್ನೂ ಎಚ್ಚರವಾಗಿರುವುದಿಲ್ಲ. ಹೊಗೆ ಗಾಳಿ ಜೋರಾಗಿ ಹೋಗಿ ಟರ್ಬೈನ್ ತಿರುಗಬೇಕು, ಒತ್ತಡ ಏರಬೇಕು, ಆಮೇಲೆ ಎಳೆತ. ಥ್ರಾಟಲ್ ಪೂರ್ತಿ ತೆರೆದೇ ಇದ್ದರೂ ಈ ಕಾಯುವಿಕೆ ತಪ್ಪಿದ್ದಲ್ಲ. ಇದಕ್ಕೆ ಔಷಧ ಒಂದು ಗೇರ್ ಇಳಿಸುವುದು. ದುಡ್ಡು ಬೇಡ. ಮೈಲೇಜ್ ಆಸೆಗೆ ಐದನೇ ಗೇರಿನಲ್ಲೇ ಹಂಪ್ ದಾಟಿಸುವವರನ್ನು ದಿನಾ ನೋಡುತ್ತೇನೆ. ಅವರೇ ಬಂದು "ಲ್ಯಾಗ್ ಇದೆ" ಅನ್ನುತ್ತಾರೆ!

ಡೀಸೆಲ್ ಕಥೆ ಇನ್ನೂ ಬೇರೆ. ಅಲ್ಲಿ ಪೆಡಲ್ ನಿರ್ಧರಿಸುವುದು ಗಾಳಿಯನ್ನಲ್ಲ, ಎಷ್ಟು ಡೀಸೆಲ್ ಸಿಂಪಡಿಸಬೇಕು ಎನ್ನುವುದನ್ನು. ಡೀಸೆಲ್ ಗಾಡಿಯಲ್ಲಿ ಕಾಣುವ ಥ್ರಾಟಲ್ ಫ್ಲ್ಯಾಪ್ ಇರುವುದು ಹೊಗೆಯ ಮಾಲಿನ್ಯ ತಗ್ಗಿಸುವ ಇಜಿಆರ್, ಡಿಪಿಎಫ್ ಕೆಲಸಕ್ಕೆ ಮತ್ತು ಎಂಜಿನ್ ಆಫ್ ಮಾಡುವಾಗ ಅದುರದಿರಲಿ ಎಂದು. ಒಳಗೆ ಬಂದ ಗಾಳಿಗೆ ತಕ್ಕಷ್ಟು ಡೀಸೆಲ್ ಮಾತ್ರ ಇಸಿಯು ಕೊಡುತ್ತದೆ, ಇಲ್ಲದಿದ್ದರೆ ಕರಿಹೊಗೆ. ಟರ್ಬೊ ಗಾಳಿ ತುಂಬುವ ತನಕ ಡಬ್ಬಿ ಎಷ್ಟೇ ಕೇಳಿದರೂ ಇಸಿಯು ಕೊಡುವುದಿಲ್ಲ. ಟರ್ಬೊ ಗಾಳಿಯನ್ನು ಒಯ್ಯುವ ಇಂಟರ್‌ಕೂಲರ್ ಹೋಸ್ ಸಣ್ಣಗೆ ಬಿರುಕು ಬಿಟ್ಟು ಒತ್ತಡ ಸೋರುತ್ತಿದ್ದರಂತೂ ಮುಗಿಯಿತು. ಹೋಸ್ ಬದಲಾಯಿಸಬೇಕಾದ ಜಾಗದಲ್ಲಿ ಡಬ್ಬಿ ಹಾಕಿಸಿಕೊಂಡು ಬಂದ ಗಾಡಿಗಳೂ ನನ್ನ ಶೆಡ್ಡಿಗೆ ಬಂದಿವೆ.

ಆಟೊಮ್ಯಾಟಿಕ್ ಗಾಡಿಗಳಲ್ಲಿ ಡಬ್ಬಿ ಒಂದು ವಿಚಿತ್ರ ಮಾಡುತ್ತದೆ. ಗೇರ್‌ಬಾಕ್ಸಿನ ಕಂಪ್ಯೂಟರ್ ಕೂಡ ಪೆಡಲ್ ಅಂಕಿ ನೋಡಿಯೇ ಗೇರ್ ಬದಲಾಯಿಸುತ್ತದೆ. ಡಬ್ಬಿ ಅಂಕಿ ಏರಿಸಿ ಹೇಳಿದಾಗ, ಚಾಲಕನಿಗೆ ಅವಸರ ಇದೆ ಎಂದುಕೊಂಡು ಅದು ಬೇಗ ಗೇರ್ ಇಳಿಸುತ್ತದೆ, ತಡವಾಗಿ ಏರಿಸುತ್ತದೆ. ಓವರ್‌ಟೇಕ್ ಮಾಡುವಾಗ ಇದು ಹಿತ. ಊರೊಳಗೆ ಸುಮ್ನೆ ಹೋಗುವಾಗಲೂ ಎಂಜಿನ್ ಕಿರುಚುತ್ತಿದ್ದರೆ ತಲೆನೋವು, ಮೈಲೇಜೂ ಹೋಗುತ್ತದೆ. ಎಎಂಟಿಯಲ್ಲಿ ಗೇರ್ ಬದಲಾಗುವಾಗಿನ ಆ ತೂಕಡಿಕೆ ಇದೆಯಲ್ಲ, ಅದು ಕ್ಲಚ್ ಬಿಟ್ಟು ಹಿಡಿಯಲು ಬೇಕಾದ ಸಮಯ. ಅದು ಹಾಗೇ ಉಳಿಯುತ್ತದೆ.

ಟರ್ಬೊ ಇಲ್ಲದ ಪೆಟ್ರೋಲ್, ಮ್ಯಾನುಯಲ್ ಗೇರ್. ಡಬ್ಬಿಯ ಪರಿಣಾಮ ಚೊಕ್ಕವಾಗಿ ತಿಳಿಯುವುದು ಇಂಥ ಗಾಡಿಯಲ್ಲಿ. ಅಲ್ಲೂ ಒಂದು ಮಾತು ನೆನಪಿಡಿ. ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ನಿಗೆ ಬೇಕಾಗುವ ಗಾಳಿಯೇ ಕಡಿಮೆ. ಪ್ಲೇಟ್ ಮೂರನೇ ಒಂದು ಭಾಗ ತೆರೆದರೆ ಬಹುಪಾಲು ಗಾಳಿ ಹೋಗಿಯೇ ಬಿಟ್ಟಿರುತ್ತದೆ, ಉಳಿದದ್ದನ್ನು ತೆರೆದರೂ ಹೆಚ್ಚಿಗೆ ಏನೂ ಬರುವುದಿಲ್ಲ. ಅದಕ್ಕೇ ಡಬ್ಬಿಯ ಸ್ಪೋರ್ಟ್ ಮೋಡಿನಲ್ಲಿ ಮೊದಲು ಚಿಮ್ಮಿದ ಗಾಡಿ ಅರ್ಧ ಪೆಡಲ್ ದಾಟಿದ ಮೇಲೆ ಸಪ್ಪೆ ಅನ್ನಿಸುತ್ತದೆ. ಎಲ್ಲವನ್ನೂ ಮೊದಲೇ ಕೊಟ್ಟುಬಿಟ್ಟಿದೆ, ಅಲ್ವಾ? ಇಕೋ ಮೋಡ್ ಇದರ ಉಲ್ಟಾ. ಮೈಲೇಜ್ ಬಂದರೆ ಅದು ಡಬ್ಬಿಯ ಮಹಿಮೆಯಲ್ಲ, ಹಗುರ ಕಾಲಿನದು.

ಡಬ್ಬಿಗೂ ಮುಂಚೆ ಪುಕ್ಕಟೆ ಕೆಲಸಗಳಿವೆ. ಪೆಡಲಿನ ಕೆಳಗೆ ಮ್ಯಾಟ್ ಮಡಚಿಕೊಂಡಿದೆಯಾ ನೋಡಿ. ಮ್ಯಾಟ್ ಮೇಲೆ ಮ್ಯಾಟ್ ಹಾಕುವುದು ನಮ್ಮಲ್ಲಿ ಮಾಮೂಲಿ, ಆದರೆ ಪೆಡಲ್ ಪೂರ್ತಿ ಕೆಳಗೆ ಹೋಗದಿದ್ದರೆ ಇಸಿಯುಗೆ 100 ಎಂಬ ಅಂಕಿ ಬರುವುದೇ ಇಲ್ಲ. ಏರ್ ಫಿಲ್ಟರ್ ನೋಡಿ. ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿದ್ದರೆ ಕ್ಲೀನ್ ಮಾಡಿಸಿ, ಆದರೆ ಆಮೇಲೆ ಸ್ಕ್ಯಾನರಿನಲ್ಲಿ ಥ್ರಾಟಲ್ ಅಡಾಪ್ಟೇಶನ್, ಅಂದರೆ ಪ್ಲೇಟಿನ ಸ್ಥಾನವನ್ನು ಇಸಿಯುಗೆ ಹೊಸದಾಗಿ ಕಲಿಸುವ ಕೆಲಸ ಮಾಡಲು ಹೇಳಿ. ಬಹಳ ಗಾಡಿಗಳಲ್ಲಿ ಇದನ್ನು ಬಿಟ್ಟರೆ ಐಡ್ಲಿಂಗ್ ಏರುಪೇರಾಗುತ್ತದೆ. ಕುತೂಹಲ ಇದ್ದರೆ ಇಸಿಯು ಅಂಕಿಗಳನ್ನು ಓದುವ ಬ್ಲೂಟೂತ್ ಒಬಿಡಿ ಡಾಂಗಲನ್ನು ಗಾಡಿಯ ಸ್ಕ್ಯಾನಿಂಗ್ ಸಾಕೆಟ್ಟಿಗೆ ಚುಚ್ಚಿ, ಮೊಬೈಲಿನಲ್ಲಿ ಪೆಡಲ್ ಅಂಕಿ ಮತ್ತು ಥ್ರಾಟಲ್ ಅಂಕಿ ಎರಡನ್ನೂ ಅಕ್ಕಪಕ್ಕ ಇಟ್ಟು ಪಕ್ಕದಲ್ಲಿ ಕೂತವರಿಂದ ನೋಡಿಸಿ. ಕಾಲು ಎಷ್ಟು ಕೇಳಿತು, ಇಸಿಯು ಎಷ್ಟು ಕೊಟ್ಟಿತು ಎನ್ನುವುದು ಕಣ್ಣಿಗೇ ಕಾಣುತ್ತದೆ.

ಈಗ, ಮಾರುವವರು ಹೇಳದ ಒಂದು ವಿಷಯಕ್ಕೆ ಬರೋಣ. ಪೆಡಲ್ ಸೆನ್ಸರ್ ಒಂದಲ್ಲ, ಎರಡು. ಸಾಮಾನ್ಯವಾಗಿ ಆರು ವೈರ್ ಇರುತ್ತವೆ. ಪ್ರತಿ ಸೆನ್ಸರ್‌ಗೂ ತನ್ನದೇ 5 ವೋಲ್ಟ್ ಸಪ್ಲೈ, ತನ್ನದೇ ಅರ್ಥ್, ತನ್ನದೇ ಸಿಗ್ನಲ್. ಬಹಳ ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಸುಮಾರು ಎರಡು ಪಟ್ಟು. ಇಸಿಯು ಎರಡನ್ನೂ ಸದಾ ತಾಳೆ ನೋಡುತ್ತಿರುತ್ತದೆ. ಹೊಂದದಿದ್ದರೆ ಪಿ2138 ಎಂಬ ಕೋಡ್ ಹಾಕಿ, ಚೆಕ್ ಎಂಜಿನ್ ಲೈಟ್ ಉರಿಸಿ, ಗಾಡಿಯನ್ನು ಲಿಂಪ್ ಮೋಡಿಗೆ, ಅಂದರೆ ಬಲ ತಗ್ಗಿಸಿ ಕುಂಟುತ್ತಾ ಓಡುವ ಸ್ಥಿತಿಗೆ ತಳ್ಳುತ್ತದೆ. ಒಂದು ಸೆನ್ಸರ್ ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡಲಿ ಎಂದು ಇಷ್ಟೆಲ್ಲ ಏರ್ಪಾಟು.

ಇದು ಅತಿಯಾಯಿತು ಅನ್ನಿಸಿದರೆ ಅಮೆರಿಕದ ಟೊಯೊಟಾ ಪ್ರಕರಣ ನೆನಪಿಸಿಕೊಳ್ಳಿ. 2009–10ರಲ್ಲಿ ಗಾಡಿಗಳು ತಾವಾಗಿಯೇ ಓಡುತ್ತಿವೆ ಎಂಬ ದೂರು ಅಲ್ಲಿ ಎದ್ದಿತು, ಲಕ್ಷಗಟ್ಟಲೆ ಗಾಡಿಗಳನ್ನು ವಾಪಸ್ ಕರೆಸಬೇಕಾಯಿತು. ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ನಾಸಾ ಎಂಜಿನಿಯರುಗಳನ್ನೇ ಕರೆದು ಎಲೆಕ್ಟ್ರಾನಿಕ್ಸ್ ತಪಾಸಣೆ ಮಾಡಿಸಿತು. 2011ರ ಫೆಬ್ರವರಿಯಲ್ಲಿ ವರದಿ ಬಂತು. ಗಾಡಿ ತಾನಾಗಿಯೇ ನುಗ್ಗುವಂಥ ಎಲೆಕ್ಟ್ರಾನಿಕ್ ದೋಷ ಸಿಗಲಿಲ್ಲ, ಪೆಡಲಿಗೆ ಸಿಕ್ಕಿಹಾಕಿಕೊಳ್ಳುವ ಮ್ಯಾಟ್ ಮತ್ತು ಅಂಟಿಕೊಳ್ಳುವ ಪೆಡಲ್ ಕಾರಣಗಳು ಎಂದು ಸಂಸ್ಥೆ ಹೇಳಿತು. ಆದರೆ ತಪಾಸಣೆ ಮಾಡಿದ ಒಂದು ಪೆಡಲಿನ ಸೆನ್ಸರಿನಲ್ಲಿ ತವರದ ಕೂದಲೆಳೆಯಂಥ ಎಳೆಗಳು ಬೆಳೆದು ಎರಡು ಸಿಗ್ನಲ್‌ಗಳನ್ನು ಒಂದಕ್ಕೊಂದು ತಾಗಿಸಿದ್ದು ಕಂಡುಬಂತು. ಎರಡೂ ಸೆನ್ಸರ್ ಬೇರೆಬೇರೆಯಾಗಿಯೇ ಇರಬೇಕು ಎಂದು ಎಂಜಿನಿಯರುಗಳು ಹಟ ಹಿಡಿಯುವುದು ಇಂಥದ್ದಕ್ಕೇ.

ಡಬ್ಬಿ ಹಾಕಿದಾಗ ಆ ಎರಡೂ ಸಿಗ್ನಲ್ ಒಂದೇ ಡಬ್ಬಿಯೊಳಗೆ ಹಾದು ಬರುತ್ತವೆ. ಎಷ್ಟೋ ಡಬ್ಬಿಗಳಲ್ಲಿ ಎರಡನ್ನೂ ಹೊಸದಾಗಿ ತಯಾರಿಸುವುದು ಒಂದೇ ಚಿಪ್. ಆ ಚಿಪ್ ತಪ್ಪಿದರೆ ಎರಡು ಸುಳ್ಳೂ ಒಂದಕ್ಕೊಂದು ಸರಿಯಾಗಿ ತಾಳೆಯಾಗುತ್ತವೆ, ಇಸಿಯು ನಂಬಿಬಿಡುತ್ತದೆ. ಹೀಗೆ ದಿನಾ ಆಗುತ್ತದೆ ಎಂದು ಹೆದರಿಸುತ್ತಿಲ್ಲ. ಒಳ್ಳೆಯ ತಯಾರಕರು ಒಳಗೆ ತಮ್ಮದೇ ತಪಾಸಣೆ ಇಟ್ಟಿರುತ್ತಾರೆ. ಬ್ರೇಕ್ ಒತ್ತಿದರೆ ಆಕ್ಸಿಲರೇಟರ್ ಮಾತು ಕೇಳದ ಬ್ರೇಕ್ ಓವರ್‌ರೈಡ್ ಇರುವ ಗಾಡಿಯಲ್ಲಿ ಆ ರಕ್ಷಣೆ ಇಸಿಯು ಒಳಗೇ ಇರುವುದರಿಂದ ಉಳಿದುಕೊಳ್ಳುತ್ತದೆ. ಆದರೆ ಹೆಸರಿಲ್ಲದ, ಬಿಲ್ಲಿಲ್ಲದ ಅಗ್ಗದ ಡಬ್ಬಿಯನ್ನು ಗಾಡಿಯ ಬೇರೆ ಎಲ್ಲಿಗಾದರೂ ಹಾಕಿಕೊಳ್ಳಿ, ಇಲ್ಲಿಗೆ ಬೇಡ. ಈ ವಿಷಯದಲ್ಲಿ ನಾನು ಕಟ್ಟುನಿಟ್ಟು. ಹಾಗೇ, ವೈರ್ ಕತ್ತರಿಸಿ ಜಾಯಿಂಟ್ ಹೊಡೆದು ಟೇಪ್ ಸುತ್ತುವ ಫಿಟ್ಟಿಂಗ್ ಆದರೆ ಅಲ್ಲಿಂದ ಎದ್ದು ಬನ್ನಿ. ನಿಮ್ಮ ಮಾಡೆಲ್ಲಿಗೇ ಮಾಡಿದ ಕಪ್ಲರ್ ಇರಬೇಕು, ಕಟಕ್ ಎಂದು ಕೂರಬೇಕು.

ಹಾಗಾದರೆ ಯಾರಿಗೆ ಹೂಂ ಅನ್ನುತ್ತೇನೆ? ಪೂರ್ತಿ ಒತ್ತಿದಾಗ ಗಾಡಿ ಸರಿಯಾಗಿ ಎಳೆಯುತ್ತದೆ, ಆದರೆ ಮೊದಲ ಅರ್ಧ ಪೆಡಲ್ ಸತ್ತಂತೆ ಇದೆ, ಅದರಿಂದ ಕಾಲು ನೋಯುತ್ತದೆ ಎನ್ನುವವರಿಗೆ. ಗಾಡಿಯಲ್ಲೇ ಸ್ಪೋರ್ಟ್ ಮೋಡ್ ಇದ್ದರೆ ಮೊದಲು ಅದನ್ನು ಒತ್ತಿ ನೋಡಿ, ಇದೇ ಕೆಲಸವನ್ನು ಕಂಪನಿಯವರೇ ಮಾಡಿಕೊಟ್ಟಿರುತ್ತಾರೆ. ಡಬ್ಬಿ ಹಾಕಿಸಿದರೆ ಅತಿ ಕಡಿಮೆ ಸೆಟ್ಟಿಂಗಿನಿಂದ ಶುರು ಮಾಡಿ. ಜೋರು ಸೆಟ್ಟಿಂಗಿನಲ್ಲಿ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ರಿವರ್ಸ್ ತೆಗೆಯುವುದು, ಮಳೆಗಾಲದಲ್ಲಿ ಚಾರ್ಮಾಡಿ ಘಾಟಿನ ತಿರುವು ಏರುವುದು ಎರಡೂ ಕಷ್ಟ. ಕಾಲು ಸ್ವಲ್ಪ ಅಲ್ಲಾಡಿದರೂ ಗಾಡಿ ನುಗ್ಗುತ್ತದೆ. ಮನೆಯಲ್ಲಿ ಬೇರೆಯವರು ಅದೇ ಗಾಡಿ ಓಡಿಸುವುದಿದ್ದರೆ ಕೀ ಕೊಡುವ ಮುಂಚೆ ನಾರ್ಮಲ್‌ಗೆ ತನ್ನಿ.

ವಾರಂಟಿ ಇರುವ ಗಾಡಿಯಾದರೆ ಸರ್ವಿಸ್ ಸೆಂಟರ್ ಏನು ಹೇಳುತ್ತದೆ ಎಂದು ಮೊದಲೇ, ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಿ. ಹಾಕಿಸಿದ ಮೇಲೆ ಎಂದಾದರೂ ಚೆಕ್ ಎಂಜಿನ್ ಲೈಟ್ ಹತ್ತಿ ಪಿ2138 ಬಂದರೆ, ಹೊಸ ಪೆಡಲ್ ತರಿಸಲು ಓಡಬೇಡಿ. ಇಗ್ನಿಷನ್ ಆಫ್ ಮಾಡಿ, ಡಬ್ಬಿ ಕಳಚಿ, ಪೆಡಲಿನ ಕಪ್ಲರನ್ನು ಗಾಡಿಯ ವೈರಿಂಗಿಗೇ ನೇರವಾಗಿ ಚುಚ್ಚಿ, ಕೋಡ್ ಅಳಿಸಿ ಕೆಲವು ದಿನ ಓಡಿಸಿ. ಮತ್ತೆ ಬಂದರೆ ಪೆಡಲ್ ಸೆನ್ಸರ್, ಅದರ ವೈರಿಂಗ್ ಚೆಕ್ ಮಾಡಿಸಿ. ಬರದಿದ್ದರೆ ಡಬ್ಬಿಯನ್ನು ಬಿಲ್ ಸಮೇತ ಮಾರಿದವರಿಗೆ ವಾಪಸ್ ಕೊಡಿ.